ಮೇಷ್ಟ್ರ ರಿಮ್ಮು

ಟ್ರ್ಯಾಕ್ಟರಿಗೆ ರಿಮ್ಮು ಎಂಬುದೊಂದು ಇದೆ ಎಂದು ನನಗೆ ಸರಿಯಾಗಿ ಗೊತ್ತಾದದ್ದು ಅದು ಕರಗುತ್ತ ಬಂದ ಮೇಲೆ. ಅಲ್ಲಿಯವರೆಗೆ ನನ್ನ ಲೆಕ್ಕದಲ್ಲಿ ಟ್ರ್ಯಾಕ್ಟರ್ ಎಂದರೆ ಇಂಜಿನ್ನು, ಟಯರು, ಡೀಸೆಲ್ಲು ಮತ್ತು ಮೇಲೆ ಕೂತ ನಾನು. ಇಂಜಿನ್ ಆಯಿಲ್ ಹೊತ್ತಿಗೆ ಸರಿಯಾಗಿ ಬದಲಿಸುತ್ತಿದ್ದೆ. ಏರ್ ಕ್ಲೀನರ್ ತೊಳೆಯುತ್ತಿದ್ದೆ. ಆಯುಧಪೂಜೆಗೆ ಬಾನೆಟ್ಟಿಗೆ ಕುಂಕುಮ, ಸ್ಟಿಯರಿಂಗಿಗೆ ಸೇವಂತಿಗೆ ಹಾರ, ಟಯರಿನಡಿಗೆ ನಿಂಬೆಹಣ್ಣು. ರಿಮ್ಮಿಗೆ ಇಷ್ಟು ವರ್ಷದಲ್ಲಿ ಒಂದು ಎಸಳು ಹೂವೂ ಸಿಕ್ಕಿರಲಿಲ್ಲ. ಅದು ಸಿಟ್ಟಾದದ್ದರಲ್ಲಿ ತಪ್ಪೇನಿಲ್ಲ.

ನಮ್ಮದು ಸಾಗರದಿಂದ ಆಚೆ, ಗುಡ್ಡದ ಬುಡದ ಸಣ್ಣ ಅಡಿಕೆ ತೋಟ. ಅಜ್ಜನ ಕಾಲದ ತೋಟದೊಳಗೆ ಯಾವ ಗಾಲಿಯೂ ಹೋಗುವುದಿಲ್ಲ, ಹೋಗಲು ಬಸಿಗಾಲುವೆಗಳು ಬಿಡುವುದೂ ಇಲ್ಲ. ಆದರೆ ಗದ್ದೆ ತೆಗೆದು ಹಾಕಿದ ಹೊಸ ತೋಟದಲ್ಲಿ ಸಾಲಿಗೂ ಸಾಲಿಗೂ 9 ಅಡಿ ಇದೆ. ದೊಡ್ಡ ಟ್ರ್ಯಾಕ್ಟರ್ ಅಲ್ಲಿ ನುಗ್ಗಿದರೆ ಮರ ಉಳಿಯುವುದಿಲ್ಲ. ಗಿಡ್ಡ ಟ್ರ್ಯಾಕ್ಟರಿಗೆ ಅದು ರಾಜಮಾರ್ಗ. 1967ರಲ್ಲಿ ಜಪಾನಿನ ಮಿತ್ಸುಬಿಷಿಯ ಜೊತೆ ಕೈಜೋಡಿಸಿ ಬೆಂಗಳೂರಿನಲ್ಲಿ ಹುಟ್ಟಿದ ವಿಎಸ್‌ಟಿ ಕಂಪನಿ ಮೊದಲು ಟಿಲ್ಲರನ್ನೂ ಆಮೇಲೆ ‘ಶಕ್ತಿ’ ಎಂಬ ಈ ಗಿಡ್ಡ ಟ್ರ್ಯಾಕ್ಟರನ್ನೂ ಮಲೆನಾಡಿಗೆ ಕಳಿಸಿತು. ಹದಿನೆಂಟೂವರೆ ಎಚ್‌ಪಿ, ಮೂರು ಸಿಲಿಂಡರ್. ನನ್ನದು ಸೆಕೆಂಡ್ ಹ್ಯಾಂಡ್. ಇಂಜಿನ್ನು ಇವತ್ತಿಗೂ ಮೊದಲ ಸೆಲ್ಫಿಗೇ ಏಳುತ್ತದೆ. ಆದ್ದರಿಂದ ಮುಂದೆ ಹೇಳುವ ಯಾವುದರಲ್ಲೂ ಜಪಾನಿನ ಕೈವಾಡವಿಲ್ಲ, ಬೆಂಗಳೂರಿನದ್ದೂ ಇಲ್ಲ. ಪೂರ್ತಿ ಸ್ವದೇಶಿ, ಮನೆಯಲ್ಲೇ ತಯಾರಾದದ್ದು.

ತೋಟಕ್ಕೆ ಹೋಗುವ ದಾರಿಯಲ್ಲಿ ಹಳ್ಳಕ್ಕೊಂದು ಸಂಕ ಇದೆ. ಅದನ್ನು ಕಟ್ಟಿಸಿದವನು ನಾನು. ಟ್ರ್ಯಾಕ್ಟರಿನ ಅಗಲ ಟೇಪು ಹಿಡಿದು ಅಳೆದು, ಸಿಮೆಂಟು ಉಳಿಯಲೆಂದು ಅತ್ತ ಒಂದು ಗೇಣು ಇತ್ತ ಒಂದು ಗೇಣು ಮಾತ್ರ ಬಿಟ್ಟು ಸ್ಲ್ಯಾಬು ಹಾಕಿಸಿದ್ದೆ. ಈ ಸಂಕ ಆಮೇಲೆ ಬರುತ್ತದೆ.

ನಾನು ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸಿ ನಿವೃತ್ತನಾದವನು. ಇದನ್ನು ಹೇಳದೆ ದಾಟಿಬಿಡಬಹುದಿತ್ತು, ಆದರೆ ಊರಲ್ಲಿ ಎಲ್ಲರಿಗೂ ಗೊತ್ತಿದೆ. ಮೈಲುತುತ್ತದ ನೀಲಿ ದ್ರಾವಣದಲ್ಲಿ ಕಬ್ಬಿಣದ ಮೊಳೆ ಇಳಿಬಿಟ್ಟು, ಮೊಳೆಯ ಮೇಲೆ ಕೆಂಪಗೆ ತಾಮ್ರ ಕೂರುವುದನ್ನು ತಲೆಮಾರುಗಟ್ಟಲೆ ಮಕ್ಕಳಿಗೆ ತೋರಿಸಿದ್ದೇನೆ. ಕಬ್ಬಿಣ ಕರಗಿ ದ್ರಾವಣಕ್ಕೆ ಹೋಗುತ್ತದೆ, ತಾಮ್ರ ಹೊರಗೆ ಬರುತ್ತದೆ. ಪರೀಕ್ಷೆಯಲ್ಲಿ ಎರಡು ಅಂಕದ ಪ್ರಶ್ನೆ, ಸಮೀಕರಣ ಬರೆದರೆ ಮೂರು.

ಈ ಪಾಠ ಅಡಿಕೆ ಬೆಳೆಗಾರನಿಗೆ ವರ್ಷ ವರ್ಷವೂ ಬರುತ್ತದೆ. ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ಎಂದರೆ ಮೈಲುತುತ್ತ ಮತ್ತು ಸುಣ್ಣ. ನೂರು ಲೀಟರ್ ನೀರಿಗೆ ಒಂದೊಂದು ಕಿಲೋ. ಫ್ರಾನ್ಸಿನ ಬೋರ್ಡೋದಲ್ಲಿ, ದಾರಿಹೋಕರು ಕದಿಯದಿರಲೆಂದು ರಸ್ತೆ ಬದಿಯ ದ್ರಾಕ್ಷಿಗೆ ಇಂಥದೊಂದು ನೀಲಿ ಬಳಿಯುತ್ತಿದ್ದರಂತೆ. ಬಳಿದ ಬಳ್ಳಿಗೆ ರೋಗ ಬಾರದ್ದನ್ನು ನೋಡಿ ಮಿಲಾರ್ಡೆ ಎಂಬ ವಿಜ್ಞಾನಿ 1885ರಲ್ಲಿ ಅದನ್ನು ಔಷಧಿ ಎಂದು ಸಾರಿದ. ಅದನ್ನು ನಮ್ಮ ಅಡಿಕೆ ಕೊನೆಗೆ ತಲುಪಿಸಿದ ಪುಣ್ಯ, 1908ರಲ್ಲಿ ಮೈಸೂರು ಸಂಸ್ಥಾನದ ಕೆಲಸಕ್ಕೆ ಬಂದ ಕೆನಡಾದ ಲೆಸ್ಲಿ ಕೋಲ್ಮನ್ ಅವರದು. ಸುಣ್ಣ ಸಾಕಾಯಿತೋ ಇಲ್ಲವೋ ನೋಡಲು ಹೊಳೆಯುವ ಕತ್ತಿಯನ್ನು ಈ ದ್ರಾವಣದಲ್ಲಿ ಅದ್ದಬೇಕು. ಕತ್ತಿ ಕೆಂಪಾದರೆ ಇನ್ನೂ ಸುಣ್ಣ ಬೇಕು. ಈ ಪರೀಕ್ಷೆಯನ್ನು ಪ್ರತಿ ಮಳೆಗಾಲಕ್ಕೆ ಮೊದಲು ನಾನೇ, ಮರ ಹತ್ತಿ ಔಷಧಿ ಹೊಡೆಯುವ ಕೊನೆಗಾರನನ್ನು ಪಕ್ಕಕ್ಕೆ ನಿಲ್ಲಿಸಿಕೊಂಡು, ವಿವರಣೆ ಸಮೇತ ಮಾಡುತ್ತೇನೆ. ಮೈಲುತುತ್ತವನ್ನು ಕಬ್ಬಿಣದ ಪಾತ್ರೆಯಲ್ಲಿ ಕರಗಿಸಬಾರದು ಎಂದೂ ಹೇಳುತ್ತೇನೆ. ಅವನು ತಲೆಯಾಡಿಸುತ್ತಾನೆ.

ಹೀಗೆ ಹೇಳಿ ಮುಗಿಸಿ, ಮೈಲುತುತ್ತ ಕರಗಿಸಿದ ಪ್ಲಾಸ್ಟಿಕ್ ಡ್ರಮ್ಮನ್ನು ಟ್ರ್ಯಾಕ್ಟರಿನ ಹಿಂದೆ, ಎಡಗಡೆಗೆ ಕಟ್ಟುತ್ತಿದ್ದೆ. ಡ್ರಮ್ಮಿನ ನಲ್ಲಿ ತೊಟ್ಟಿಕ್ಕುತ್ತಿತ್ತು. ತೊಟ್ಟಿಕ್ಕಿದ್ದು ಎಡಗಡೆ ಹಿಂಗಾಲಿಯ ರಿಮ್ಮಿನ ಮೇಲೆ ಬೀಳುತ್ತಿತ್ತು. ರಿಮ್ಮು ಅಲ್ಲಲ್ಲಿ ಚೆಂದದ ನಸುಗೆಂಪಿಗೆ ತಿರುಗಿದ್ದನ್ನು ನಾನು ನೋಡಿದ್ದೆ. ಜಪಾನಿನವರು ಬಣ್ಣದ ಅಡಿಗೆ ಒಳ್ಳೆಯ ಪ್ರೈಮರ್ ಹೊಡೆದಿದ್ದಾರೆ ಎಂದು ಮೆಚ್ಚಿಕೊಂಡಿದ್ದೆ.

ಇದು ಹೊರಗಿನಿಂದ ಆದದ್ದು. ಒಳಗಿನಿಂದ ಆದದ್ದಕ್ಕೆ ಕಾರಣ ಮೊಬೈಲು.

ಗಿಡ್ಡ ಟ್ರ್ಯಾಕ್ಟರ್ ಮೈಹಗುರ. ಮಳೆಗಾಲದ ಜಾರಿನಲ್ಲಿ ಹಿಂಗಾಲಿ ನಿಂತಲ್ಲೇ ಸುತ್ತುತ್ತದೆ. ಅದಕ್ಕೆ ಹಿಂದಿನ ಟ್ಯೂಬಿಗೆ ಮುಕ್ಕಾಲು ಭಾಗ ನೀರು ತುಂಬುವ ರೂಢಿ ಎಲ್ಲ ಕಡೆಯೂ ಇದೆ. ವಾಲ್ವು ಮೇಲೆ ಬರುವಂತೆ ಗಾಲಿ ನಿಲ್ಲಿಸಿ ನೀರು ಬಿಟ್ಟರೆ ಮುಗಿಯಿತು. ನಾನೂ ಅಷ್ಟಕ್ಕೇ ಬಿಡಬಹುದಿತ್ತು. ಆದರೆ ಹಿಮ ಬೀಳುವ ದೇಶದ ರೈತನೊಬ್ಬ ಟಯರಿಗೆ ಕ್ಯಾಲ್ಶಿಯಂ ಕ್ಲೋರೈಡ್ ದ್ರಾವಣ ತುಂಬುವ ವಿಡಿಯೋ ಕಣ್ಣಿಗೆ ಬಿತ್ತು. ಚಳಿಗಾಲದಲ್ಲಿ ನೀರು ಹೆಪ್ಪುಗಟ್ಟಬಾರದು ಎಂದು ಅವನು ಹಾಗೆ ಮಾಡುವುದು. ಜೊತೆಗೆ ಅದು ಬರೀ ನೀರಿಗಿಂತ ತೂಕ. ನಮ್ಮೂರಲ್ಲಿ ನೀರು ಹೆಪ್ಪುಗಟ್ಟುವುದು ಫ್ರಿಜ್ಜಿನ ಮೇಲಿನ ಖಾನೆಯಲ್ಲಿ ಮಾತ್ರ. ಆದರೂ ತೂಕದ ಮಾತು ನನ್ನ ತಲೆಯಲ್ಲಿ ಕೂತಿತು. ನೀರಿಗೆ ಹಿಡಿಯುವಷ್ಟೂ ಅಡುಗೆ ಉಪ್ಪು ಕರಗಿಸಿದರೆ ಲೀಟರು ಹೆಚ್ಚುಕಡಿಮೆ 1.2 ಕಿಲೋ ತೂಗುತ್ತದೆ. ಇದನ್ನು ಲೆಕ್ಕ ಹಾಕಲು ನನಗೆ ಪುಸ್ತಕವೂ ಬೇಕಾಗಲಿಲ್ಲ. ಸಾಣಿಕಟ್ಟೆಯ ಹರಳುಪ್ಪಿನ ಚೀಲ ಕೊಟ್ಟಿಗೆಯ ಅಟ್ಟದ ಮೇಲೆ ಇದ್ದೇ ಇತ್ತು.

“ದನಕ್ಕೆ ತಂದ ಉಪ್ಪು ಅದು” ಎಂದಳು ಹೆಂಡತಿ.

“ಟ್ರ್ಯಾಕ್ಟರಿಗೂ ಸ್ವಲ್ಪ ಬೇಕು” ಎಂದೆ.

“ಹುಲ್ಲೂ ಹಾಕ್ತೀರಾ?”

ಉಪ್ಪುನೀರು ಟ್ಯೂಬಿನೊಳಗೆ ಇರುವವರೆಗೆ ಯಾರಿಗೂ ತೊಂದರೆಯಿಲ್ಲ. ಆದರೆ ಟ್ಯೂಬಿನ ವಾಲ್ವು ರಿಮ್ಮಿನ ತೂತಿನಿಂದ ಹೊರಬರುವ ಜಾಗದಲ್ಲಿ ಸಣ್ಣಗೆ ಜಿನುಗುತ್ತಿತ್ತು. ಜಿನುಗಿದ್ದು ಟಯರಿಗೂ ರಿಮ್ಮಿಗೂ ನಡುವೆ, ಯಾರಿಗೂ ಕಾಣದ ಜಾಗದಲ್ಲಿ ನಿಂತಿತು. ಹೊರಗೆ ಮೈಲುತುತ್ತ, ಒಳಗೆ ಉಪ್ಪು, ಮೇಲಿಂದ ಮಲೆನಾಡಿನ ಮಳೆ. ಪ್ರಯೋಗಾಲಯದಲ್ಲಿ ಕಬ್ಬಿಣವನ್ನು ಬೇಗ ತಿನ್ನಿಸು ಎಂದು ಯಾರಾದರೂ ಹೇಳಿದ್ದರೆ ಇದಕ್ಕಿಂತ ಒಳ್ಳೆಯ ವ್ಯವಸ್ಥೆ ನನಗೆ ಹೊಳೆಯುತ್ತಿರಲಿಲ್ಲ.

ವಾಲ್ವಿನ ಸುತ್ತ ಕಬ್ಬಿಣ ಹಪ್ಪಳದ ಹಾಗೆ ಉಬ್ಬಿ ಪದರ ಪದರವಾಗಿ ಏಳತೊಡಗಿದಾಗ ಕೊನೆಗಾರ ಮೊದಲು ಹೇಳಿದ, “ಮೇಷ್ಟ್ರೇ, ಶಿವಮೊಗ್ಗದ ಗುಜರೀಲಿ ಹಳೇ ರಿಮ್ಮು ಸಿಗ್ತದೆ. ಒಂದು ತಂದು ಹಾಕಿ.” ಗುಜರಿಯ ರಿಮ್ಮು ಹಾಕುವುದು ವಿದ್ಯಾವಂತನಿಗೆ ಒಪ್ಪುವ ಮಾತಲ್ಲ. ಹೊಸದರ ಬೆಲೆ ವಿಚಾರಿಸಿದೆ. ಅದು ನಿವೃತ್ತನಿಗೆ ಒಪ್ಪುವ ಮಾತಾಗಿರಲಿಲ್ಲ. ಹಾಗಾಗಿ ತಂತಿಬ್ರಷ್ಷಿನಿಂದ ಉಜ್ಜಿ, ಪೈಪು ಸೋರಿದರೆ ಮೆತ್ತುತ್ತಾರಲ್ಲ, ಕಪ್ಪುಹಿಟ್ಟು ಬಿಳಿಹಿಟ್ಟು ಕಲಸುವ ಅಂಟು, ಅದನ್ನು ಧಾರಾಳವಾಗಿ ಮೆತ್ತಿ, ಮೇಲೆ ಬೆಳ್ಳಿ ಬಣ್ಣ ಹೊಡೆದೆ. ಟ್ರ್ಯಾಕ್ಟರಿನಲ್ಲಿ ಅಷ್ಟು ಹೊಳೆಯುವ ಭಾಗ ಇನ್ನೊಂದಿರಲಿಲ್ಲ. ಬಂದವರಿಗೆಲ್ಲ ತೋರಿಸಿದೆ. ಕೊನೆಗಾರ ಹತ್ತಿರ ಬಗ್ಗಿ ನೋಡಿ ಹೆಬ್ಬೆರಳಿನಿಂದ ಸುಮ್ಮನೆ ಒತ್ತಿದ. ಬೆರಳು ಒಳಗೆ ಹೋಯಿತು.

“ಇಲ್ಲಿ ಕಬ್ಬಿಣ ಇಲ್ಲ ಮಾರಾಯ್ರೆ, ಬರೀ ಬಣ್ಣ ನಿಂತಿದೆ” ಎಂದು ಬೆರಳನ್ನು ಪಂಚೆಗೆ ಒರೆಸಿಕೊಂಡ. ನನ್ನ ಪಂಚೆಗೆ.

ಗಾಲಿ ಬಿಚ್ಚುವುದೇ ಎಂದಾಯಿತು. ಜಾಕು ಕೊಟ್ಟು ಗಾಲಿ ಎತ್ತಿದ ಮೇಲೆ ನಟ್ಟು ಬಿಚ್ಚಲು ಹೋದೆ. ಟ್ರ್ಯಾಕ್ಟರ್ ನ್ಯೂಟ್ರಲ್‌ನಲ್ಲಿತ್ತು. ಪಾನೆ ತಿರುಗಿಸಿದರೆ ನಟ್ಟಿನ ಜೊತೆ ಗಾಲಿಯೂ ತಿರುಗುತ್ತದೆ, ಗಾಲಿಯ ಜೊತೆ ಪಾನೆಗೆ ಜೋತುಬಿದ್ದ ನಾನೂ. ನಟ್ಟುಗಳನ್ನು ಗಾಲಿ ನೆಲದ ಮೇಲಿರುವಾಗಲೇ ಸಡಿಲ ಮಾಡಿಕೊಳ್ಳಬೇಕೆಂಬುದು ಸೈಕಲ್ ಶಾಪಿನ ಹುಡುಗನಿಗೂ ಗೊತ್ತು. ಜಾಕು ಇಳಿಸಿ, ಸಡಿಲಿಸಿ, ಮತ್ತೆ ಎತ್ತುವಷ್ಟರಲ್ಲಿ ಜಾಕಿನ ಬುಡ ಅಂಗಳದ ಹಸಿ ಮಣ್ಣಿಗೆ ಇಳಿಯತೊಡಗಿತು. ಟ್ರ್ಯಾಕ್ಟರ್ ಮೇಲೆ ಬರುವ ಬದಲು ಜಾಕು ಕೆಳಗೆ ಹೋಗುತ್ತಿತ್ತು. ಅಡಿಗೆ ಹಲಗೆ ಇಟ್ಟ ಮೇಲೆ ಮರ್ಯಾದೆ ಉಳಿಯಿತು.

ಇನ್ನು ನೀರು ಖಾಲಿ ಮಾಡಬೇಕು. ಕ್ರಮ ಹೀಗೆ: ವಾಲ್ವನ್ನು ಮೇಲಕ್ಕೆ ತಂದು ಮೊದಲು ಗಾಳಿ ಬಿಡಬೇಕು, ಆಮೇಲೆ ಗಾಲಿ ತಿರುಗಿಸಿ ವಾಲ್ವನ್ನು ಕೆಳಗೆ ತಂದು ನೀರು ಬಿಡಬೇಕು. ನೀರು ಕೆಳಮುಖವಾಗಿ ಹರಿಯುತ್ತದೆ ಎಂಬ ನಿಯಮವೊಂದನ್ನೇ ನೆಚ್ಚಿಕೊಂಡು ನಾನು ನೇರವಾಗಿ ಎರಡನೆಯದಕ್ಕೆ ಬಂದೆ. ಕುಕ್ಕರುಗಾಲಲ್ಲಿ ಕೂತು ವಾಲ್ವಿನ ಪಿನ್ನು ಬಿಚ್ಚಿದೆ. ಒಳಗಿದ್ದ ಗಾಳಿ ಅಷ್ಟೂ ನೀರನ್ನು ಹಿಂದಿನಿಂದ ಒತ್ತುತ್ತಿತ್ತು. ಪಿನ್ನು ಎಲ್ಲಿ ಹೋಯಿತೆಂದು ಈಗಲೂ ಗೊತ್ತಿಲ್ಲ. ಕೆಂಪು ನೀರು ಮುಖಕ್ಕೆ, ಕನ್ನಡಕಕ್ಕೆ, ಬಾಯಿಗೆ. ಶಬ್ದ ಕೇಳಿ ಓಡಿಬಂದ ಹೆಂಡತಿ ಜಗಲಿಯಲ್ಲೇ ನಿಂತಳು.

“ಉಪ್ಪು ಸಾಕಾಗಿದ್ಯಾ?” ಎಂದು ಕೇಳಿದಳು. ಸಾಕಾಗಿತ್ತು.

ಟಯರಿನ ಒಳಅಂಚು, ಅಂದರೆ ಬೀಡು, ರಿಮ್ಮಿಗೆ ತುಕ್ಕಿನಿಂದಲೇ ಅಂಟಿಕೊಂಡಿತ್ತು. ಸೋಪಿನ ನೀರು ಹೊಯ್ದು ಹಾರೆಯಿಂದ ಮೀಟಿದರೆ ಹಾರೆ ಬಾಗಿತು. ಪಕ್ಕದ ಮನೆಯ ಜೀಪು ತರಿಸಿ, ನೆಲಕ್ಕೆ ಮಲಗಿಸಿದ ಗಾಲಿಯ ಟಯರಿನ ಮೇಲೆ ಹತ್ತಿಸಿದ್ದೂ ಆಯಿತು. ಈ ಉಪಾಯ ಕೆಲಸ ಮಾಡುತ್ತದೆ, ರಿಮ್ಮಿನ ಅಂಚಿನ ಮೇಲೆ ಹತ್ತಿಸದಿದ್ದರೆ. ಜೀಪು ಓಡಿಸುವವನಿಗೆ ‘ಬಾ, ಬಾ, ಇನ್ನೂ ಬಾ’ ಎಂದು ಕೈ ತೋರಿಸುತ್ತಿದ್ದವನು ನಾನು. ಟಕ್ಕೆಂದು ಬೀಡು ಬಿಟ್ಟಿತು. ಮೊದಲೇ ಜಂಬಿಟ್ಟಿಗೆ ಕಲ್ಲಿಗೆ ತಾಗಿ ನೆಗ್ಗಿದ್ದ ಅಂಚಿನ ಪಕ್ಕಕ್ಕೆ ಇನ್ನೊಂದು ಹೊಸ ನೆಗ್ಗು ಬಂತು. ಆದರೆ ಅಷ್ಟಕ್ಕೇ ಟಯರು ಪೂರ್ತಿ ಬಿಚ್ಚಿ ಬಂದಿರಲಿಲ್ಲ, ನನಗೂ ಸಾಕಾಗಿತ್ತು. ಟಯರ್ ಸಮೇತ ಗಾಲಿಯನ್ನು ಜೀಪಿಗೇ ಹೇರಿ ಪೇಟೆಯ ವೆಲ್ಡಿಂಗ್ ಶಾಪಿಗೆ ಒಯ್ದೆ. ಗಾಳಿ ಇಲ್ಲ, ನೀರಿಲ್ಲ, ತೂತಿಗೆ ನಾಲ್ಕು ಕಡ್ಡಿ ಸುಟ್ಟುಕೊಡಲು ಏನು ಕಷ್ಟ?

ವೆಲ್ಡರ್ ಕೈಯಲ್ಲಿದ್ದ ಹೋಲ್ಡರನ್ನು ಕೆಳಗಿಟ್ಟ. “ಟಯರ್ ತೆಗೀದೆ ನಾನು ಕಡ್ಡಿ ಮುಟ್ಸೂದಿಲ್ಲ ಮೇಷ್ಟ್ರೇ. ಒಳಗೆ ರಬ್ಬರ್ ಕಾದು ಗ್ಯಾಸ್ ಆಗ್ತದೆ. ಗಾಳಿ ಬಿಟ್ಟಿದ್ರೂ ಸಿಡೀತದೆ. ಸಿಡಿದ್ರೆ ನೀವೂ ಇಲ್ಲ, ನಾನೂ ಇಲ್ಲ, ಶೆಡ್ಡೂ ಇಲ್ಲ.” ನಗುವ ವಿಷಯವಲ್ಲ, ಅವನು ಹೇಳಿದ್ದು ಅಕ್ಷರಶಃ ನಿಜ. ಟಯರು ಕೂತ ರಿಮ್ಮಿಗೆ ಬೆಂಕಿ ತೋರಿಸಬಾರದು. ಅದೂ ರಸಾಯನಶಾಸ್ತ್ರವೇ. ಆ ಪಾಠ ನಮ್ಮ ಸಿಲಬಸ್ಸಿನಲ್ಲಿ ಇರಲಿಲ್ಲ ಎಂದಷ್ಟೇ ಹೇಳಬಲ್ಲೆ.

ಪಕ್ಕದ ಪಂಕ್ಚರ್ ಅಂಗಡಿಯ ಹುಡುಗ ಎರಡು ಲಿವರ್ ಹಾಕಿ, ನಾವು ಚಾ ಕುಡಿದು ಮುಗಿಸುವುದರೊಳಗೆ ಟಯರು ಬಿಚ್ಚಿ ನಿಲ್ಲಿಸಿದ. ಬತ್ತಲೆ ರಿಮ್ಮನ್ನು ಆಗ ಮೊದಲ ಸಲ ನೋಡಿದ್ದು. ನೋಡಬಾರದಿತ್ತು. ವಾಲ್ವಿನ ತೂತಿನಿಂದ ಶುರುವಾದ ತುಕ್ಕು ಅಂಚಿನಿಂದ ಅಂಚಿಗೆ ಹರಡಿತ್ತು. ವೆಲ್ಡರ್ ಸುತ್ತಿಗೆಯ ಮೂಗಿನಿಂದ ತಟ್ಟುತ್ತ ಹೋದ. ಟಣ್ ಎಂದ ಕಡೆ ಕಬ್ಬಿಣ, ಬದ್ ಎಂದ ಕಡೆ ತುಕ್ಕು. ಬದ್ ಬದ್ ಎಂಬುದೇ ಜಾಸ್ತಿ ಹೊತ್ತು ಕೇಳಿತು. ಹೊಳೆಯುವ ಕಬ್ಬಿಣ ಕಾಣುವವರೆಗೂ ಕೊಳೆತದ್ದನ್ನು ಕತ್ತರಿಸಿ ತೆಗೆಯಬೇಕು, ಅಷ್ಟೇ ದಪ್ಪದ ಪ್ಲೇಟನ್ನು ಅದೇ ಬಳುಕಿಗೆ ಬಗ್ಗಿಸಿ ಕೂರಿಸಬೇಕು, ಇಲ್ಲೊಂದು ಅಲ್ಲೊಂದು ಟ್ಯಾಕು ಹೊಡೆದು ನಿಲ್ಲಿಸಿಕೊಂಡು ಸ್ವಲ್ಪ ಸ್ವಲ್ಪವೇ ಸುಡಬೇಕು. ಒಂದೇ ಕಡೆಯಿಂದ ಸುಡುತ್ತ ಹೋದರೆ ರಿಮ್ಮು ಸೊಟ್ಟಗಾಗುತ್ತದೆ. ಅವನು ಹೇಳುತ್ತ ಹೋದ. ನಾನು ಮಧ್ಯೆ ಬಾಯಿ ಹಾಕಿ, ಪ್ಲೇಟಿನ ಅಳತೆ ನಾನು ಕೊಡುತ್ತೇನೆ ಎಂದೆ.

ಯಾಕೆ ಹಾಗೆ ಅಂದೆನೋ. ಸುಮ್ಮನೆ ಬೆಂಚಿನ ಮೇಲೆ ಕೂತಿರುವುದು ನನ್ನ ಜಾಯಮಾನವಲ್ಲ. ಜೇಬಿನಲ್ಲಿದ್ದ ಮದುವೆ ಕಾಗದವನ್ನು ಬಿಡಿಸಿ, ಕತ್ತರಿಸಿದ ಜಾಗಕ್ಕೆ ಒತ್ತಿ ಹಿಡಿದು, ಅಂಚು ಗುರುತು ಮಾಡಿ, ಕತ್ತರಿಯಿಂದ ಕತ್ತರಿಸಿ, ಮಿಲಿಮೀಟರ್ ವ್ಯತ್ಯಾಸವಿಲ್ಲದ ಅಚ್ಚು ಮಾಡಿಕೊಟ್ಟೆ. ವೆಲ್ಡರ್ ಕೂಡ “ಅಡ್ಡಿಲ್ಲ” ಎಂದ. ಅವನ ಬಾಯಲ್ಲಿ ಅದು ಡಿಸ್ಟಿಂಕ್ಷನ್. ಗ್ಯಾಸಿನಲ್ಲಿ ಕಾಯಿಸಿ, ಸಮ್ಮಟಿಗೆಯಿಂದ ಬಡಿದು ನೆಗ್ಗಿದ ಅಂಚನ್ನೂ ಎಬ್ಬಿಸಿದ. ಒಳಗಡೆಯ ವೆಲ್ಡಿಂಗ್ ಗಂಟುಗಳು ಟ್ಯೂಬು ಕೊಯ್ಯದ ಹಾಗೆ ಗ್ರೈಂಡರ್ ಹಿಡಿದು ನುಣ್ಣಗೆ ಮಾಡಿದ. ಮನೆಗೆ ತಂದು ರೆಡ್ ಆಕ್ಸೈಡ್ ಒಂದು ಕೋಟು, ಒಣಗಿದ ಮೇಲೆ ಬೆಳ್ಳಿ ಬಣ್ಣ ಎರಡು ಕೋಟು ಕೊಟ್ಟೆ. ಈ ಸಲ ಕೊನೆಗಾರನ ಹೆಬ್ಬೆರಳು ಒಳಗೆ ಹೋಗಲಿಲ್ಲ. ಗಂಟೆ ಬಾರಿಸಿದ ಹಾಗೆ ಸದ್ದು ಬಂತು.

ಟಯರು ಹಾಕಿಸಲು ಪಂಕ್ಚರ್ ಹುಡುಗನ ಮುಂದೆ ರಿಮ್ಮು ಇಳಿಸಿದೆ. ಅವನು ಟ್ಯೂಬು ಕೈಯಲ್ಲಿ ಹಿಡಿದು ರಿಮ್ಮಿನ ಸುತ್ತ ಒಂದು ಪ್ರದಕ್ಷಿಣೆ ಬಂದ. ಮತ್ತೊಂದು ಪ್ರದಕ್ಷಿಣೆ ಬಂದ.

“ವಾಲ್ವು ಎಲ್ಲಿಂದ ಹೊರಗೆ ತೆಗೀಬೇಕು ಸಾರ್?”

ತೂತು ಇದ್ದ ತುಂಡು ವೆಲ್ಡಿಂಗ್ ಶಾಪಿನ ಗುಜರಿ ಡಬ್ಬಿಯಲ್ಲಿತ್ತು. ಮದುವೆ ಕಾಗದದಲ್ಲಿ ವಧೂವರರ ಹೆಸರಿತ್ತು, ಮುಹೂರ್ತವಿತ್ತು, ತೂತು ಇರಲಿಲ್ಲ.

ಮತ್ತೆ ವೆಲ್ಡರ್. ಅವನು ನಗಲಿಲ್ಲ, ಅದೇ ಹೆಚ್ಚು ಬೇಜಾರು. ಡ್ರಿಲ್ಲು ಜೋಡಿಸಿಕೊಂಡು “ಎಲ್ಲಿ ಕೊರೀಬೇಕು, ಗುರುತು ಹಾಕಿ” ಎಂದ. ಹಳೆಯ ಅಭ್ಯಾಸ, ಅಂಗಿಯ ಜೇಬಿನಲ್ಲಿ ಇನ್ನೂ ಒಂದು ಚಾಕ್‌ಪೀಸ್ ಇಟ್ಟುಕೊಂಡೇ ತಿರುಗುತ್ತೇನೆ. ನೆಲದ ಮೇಲೆ ಮಲಗಿದ್ದ ರಿಮ್ಮನ್ನು ನೋಡಿ, ಬಲಗಡೆಯ ಗಾಲಿಯಲ್ಲಿ ವಾಲ್ವು, ನಟ್ಟುಗಳು ಕೂರುವ ಡಿಸ್ಕಿನಿಂದ ಎಷ್ಟು ಆಚೆಗಿದೆಯೆಂದು ಮೊದಲೇ ಅಳೆದು ತಂದಿದ್ದ ಲೆಕ್ಕದಂತೆ, ಡಿಸ್ಕಿನಿಂದ ಮೇಲಕ್ಕೆ ಅಳೆದು, ದುಂಡಗೆ ಗುರುತು ಹಾಕಿದೆ. ಅವನು ಕೊರೆದ. ಟ್ಯೂಬಿಗೆ ತಾಗದ ಹಾಗೆ ಅರದಿಂದ ಅಂಚನ್ನೂ ಉಜ್ಜಿದ. ಲೆಕ್ಕ ಸರಿಯಾಗಿತ್ತು. ರಿಮ್ಮು ಮಗುಚಿ ಮಲಗಿತ್ತು.

ಅಂದರೆ ತೂತು ಡಿಸ್ಕಿನ ಒಳಮೈಗೆ ಬಂತು. ಟ್ರ್ಯಾಕ್ಟರಿಗೆ ಗಾಲಿ ಕೂರಿಸಿದರೆ ವಾಲ್ವು ನಮ್ಮ ಕಡೆಗಲ್ಲ, ಒಳಕ್ಕೆ, ಆಕ್ಸಲಿನ ಕಡೆ ಮುಖ ಮಾಡುತ್ತದೆ. ಇದು ನನಗೆ ತಿಳಿದದ್ದು ಅಂಗಳದಲ್ಲಿ, ಮುಸ್ಸಂಜೆಯಲ್ಲಿ, ಗಾಲಿ ಎತ್ತಿ ಹಿಡಿದಿದ್ದಾಗ. ಯಾರಿಗೂ ಹೇಳಲಿಲ್ಲ. ಹೇಳುವ ಅಗತ್ಯವೂ ಕಾಣಲಿಲ್ಲ, ಯಾಕೆಂದರೆ ಅಷ್ಟರಲ್ಲಿ ಪರಿಹಾರ ಹೊಳೆದಿತ್ತು. ಗಾಲಿಯನ್ನೇ ಮಗುಚಿ ಹಾಕಿದರೆ ವಾಲ್ವು ಹೊರಗೆ ಬರುತ್ತದಲ್ಲ! ನಟ್ಟುಗಳು ಆ ಕಡೆಯಿಂದಲೂ ಸರಿಯಾಗಿ ಕೂತವು. ನೆಮ್ಮದಿಯಾಗಿ ಊಟ ಮಾಡಿದೆ.

ಮಗುಚಿದರೆ ಆಗುವುದು ಎರಡು. ಗಾಲಿಯ ಡಿಸ್ಕು ರಿಮ್ಮಿನ ನಡುಮಧ್ಯಕ್ಕೆ ಇರುವುದಿಲ್ಲ, ಒಂದು ಬದಿಗೆ ಇರುತ್ತದೆ. ಮಗುಚಿದರೆ ಗಾಲಿ ಹೊರಕ್ಕೆ ಸರಿಯುತ್ತದೆ. ಟ್ರ್ಯಾಕ್ಟರಿನ ಅಗಲ ಹೆಚ್ಚಿಸಲು ಬಲ್ಲವರು ಬೇಕೆಂದೇ ಹೀಗೆ ಮಾಡುತ್ತಾರೆ. ಆದರೆ ಹಾಗೆ ಮಾಡುವಾಗ ಎಡದ್ದನ್ನು ಬಲಕ್ಕೂ ಬಲದ್ದನ್ನು ಎಡಕ್ಕೂ ಅದಲುಬದಲು ಮಾಡುತ್ತಾರೆ. ಯಾಕೆಂದರೆ ಹಿಂದಿನ ಟಯರಿನ ಬಾಣದಂಥ ಕಚ್ಚುಗಳು ಮುಂದಕ್ಕೇ ನೋಡಬೇಕು. ಇದ್ದ ಜಾಗದಲ್ಲೇ ಮಗುಚಿದರೆ ಬಾಣ ಹಿಂದಕ್ಕೆ ತಿರುಗುತ್ತದೆ; ಕೆಸರು ಕಚ್ಚಿನಿಂದ ಜಾರಿಹೋಗುವ ಬದಲು ಅಲ್ಲೇ ತುಂಬಿಕೊಳ್ಳುತ್ತದೆ, ಹಿಡಿತ ಹೋಗುತ್ತದೆ. ಈ ಎಲ್ಲ ವಿವರವನ್ನು ಕೊನೆಗಾರ ನನಗೆ ಮರುದಿನ ಬೆಳಿಗ್ಗೆ ಸಂಕದ ಮೇಲೆ ನಿಂತು ಹೇಳಿದ. ನಾನು ಟ್ರ್ಯಾಕ್ಟರಿನ ಮೇಲಿದ್ದೆ. ಟ್ರ್ಯಾಕ್ಟರಿನ ಬಲಗಾಲಿ ಸಂಕದ ಮೇಲಿತ್ತು. ಎಡಗಾಲಿಯ ಅರ್ಧ ಮಾತ್ರ ಸಂಕದ ಮೇಲಿತ್ತು, ಉಳಿದರ್ಧದ ಅಡಿಯಲ್ಲಿ ಹಳ್ಳ ಹರಿಯುತ್ತಿತ್ತು. ಉಳಿಸಿದ ಸಿಮೆಂಟು ಎಷ್ಟು ಚೀಲ ಎಂಬುದು ಆ ಹೊತ್ತಿಗೆ ನೆನಪಿಗೆ ಬರಲಿಲ್ಲ.

“ಮೇಷ್ಟ್ರೇ, ಅಲ್ಲಾಡಬೇಡಿ” ಎಂದ ಕೊನೆಗಾರ. “ನಿಮ್ಮ ಟ್ರ್ಯಾಕ್ಟರಿನ ಒಂದು ಗಾಲಿ ತೋಟಕ್ಕೆ ಹೊರಟಿದೆ, ಇನ್ನೊಂದು ಮನೆಗೆ ಹೊರಟಿದೆ. ಮನೆಗೆ ಹೊರಟದ್ದರ ಮಾತು ಕೇಳಿ.”

ರಿವರ್ಸ್ ಗೇರಿನಲ್ಲಿ ಅದು ಅದ್ಭುತವಾಗಿ ಹಿಡಿತ ಕೊಟ್ಟಿತು. ಇದನ್ನು ದಾಖಲಿಸಲೇಬೇಕು.

ಗಾಲಿ ಈಗ ನೆಟ್ಟಗೆ ಕೂತಿದೆ. ಡ್ರಮ್ಮು ಬಲಗಡೆಗೆ ಹೋಗಿದೆ, ನಲ್ಲಿಗೆ ಹೊಸ ವಾಷರ್ ಬಂದಿದೆ, ಟ್ಯೂಬಿನಲ್ಲಿ ಬಾವಿಯ ನೀರು ಮಾತ್ರ ಇದೆ. ವಾಲ್ವು ಒಳಗಡೆಯೇ ಇದೆ. ಗಾಳಿ ಹಾಕಬೇಕೆಂದರೆ ಒಬ್ಬರು ಟ್ರ್ಯಾಕ್ಟರಿನ ಅಡಿಗೆ ಅಂಗಾತ ಮಲಗಿ, ಮಡ್‌ಗಾರ್ಡಿಗೂ ಆಕ್ಸಲಿಗೂ ನಡುವೆ ಕೈ ತೂರಿಸಿ, ಕುರುಡುಗಣ್ಣಲ್ಲಿ ಪೈಪು ಸಿಕ್ಕಿಸಬೇಕು. ಪಂಕ್ಚರ್ ಅಂಗಡಿಯ ಹುಡುಗ ಇದಕ್ಕೆ ಪ್ರತ್ಯೇಕ ದರ ಇಟ್ಟಿದ್ದಾನೆ: ಗಾಳಿಗೆ ಒಂದು, ಮಲಗುವುದಕ್ಕೆ ಇನ್ನೊಂದು. ಮಳೆಗಾಲದಲ್ಲಿ ಮಲಗುವುದಕ್ಕೆ ಡಬಲ್.

ವೆಲ್ಡರ್ ಬಳಿ ಹೋಗಿ ಈ ತೂತು ಮುಚ್ಚಿ, ಸರಿಯಾದ ಕಡೆ ಇನ್ನೊಂದು ಕೊರೆದುಕೊಡಲು ಆಗುತ್ತದೆಯೇ ಎಂದು ಕೇಳಿದೆ. “ಅರ್ಧ ಗಂಟೆ ಕೆಲಸ, ದುಡ್ಡೂ ಬೇಡ” ಎಂದ. ಆಮೇಲೆ ಕೈ ಚಾಚಿದ.

“ಮೊದಲು ಆ ಚಾಕ್‌ಪೀಸ್ ಇಲ್ಲಿ ಕೊಡಿ ಮೇಷ್ಟ್ರೇ.”